ಕಾಲು ಚಾಚುವಷ್ಟು ಬಚ್ಚಲು

ಗೋಡೆಯೇ ಇಲ್ಲದ ಮನೆಯೊಳಗೆ ಕೂತು ಜನ ಪಿಸುಮಾತಾಡುವುದನ್ನು ನಾನು ನೋಡಿದ್ದೇನೆ. ಹಿಂದೆ ಚಿನ್ನದ ಗಣಿಯ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಕೋರಮಂಡಲ್‌ನ ಲೈನ್ ಮನೆಗಳ ಹಿಂದೆ, ಗಣಿಯ ಬಿಳಿ ಮಣ್ಣು ಸುರಿದೂ ಸುರಿದೂ ಎದ್ದ ಸೈನೈಡ್ ಗುಡ್ಡದ ಬುಡದಲ್ಲಿ ಒಂದು ಬಯಲಿದೆ. ಅಲ್ಲಿ ಸುಣ್ಣದ ಪುಡಿಯಲ್ಲಿ ಎಳೆದ ಗೆರೆಗಳ ನಡುವೆ ಚಾಪೆ ಹಾಸಿಕೊಂಡು, ಪಕ್ಕದ ಮನೆಯವರಿಗೆ ಕೇಳಿಸದ ಹಾಗೆ ಗಂಡ ಹೆಂಡಿರು ಸಂಸಾರದ ಮಾತಾಡುತ್ತಿದ್ದರು. ಪಕ್ಕದ ಮನೆಯೆಂದರೆ ಅದೂ ನಾಲ್ಕು ಗೆರೆ. ಮಧ್ಯೆ ಇದ್ದದ್ದು ಗಾಳಿ ಮಾತ್ರ. ಆ ಗೆರೆಗಳನ್ನು ಎಳೆದವಳು ನಾನು.

ನಾನು ನಗರಸಭೆಯಲ್ಲಿ ನಕ್ಷೆ ಬರೆಯುವವಳು. ಖಾಯಂ ಅಲ್ಲ, ಗುತ್ತಿಗೆ. ಬಂಗಾರಪೇಟೆಯಲ್ಲಿ ಬೆಳಗಿನ ಮಾರಿಕುಪ್ಪಂ ರೈಲು ಹತ್ತುತ್ತೇನೆ, ಸಂಜೆ ಅದೇ ಹಳಿಯ ಮೇಲೆ ವಾಪಸ್ಸು. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಆಫೀಸಿನಲ್ಲಿ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ನಕ್ಷೆಯ ಮುಂದೆ ಕೂತರೆ ನನ್ನಷ್ಟು ತಾಳ್ಮೆಯವಳು ಇನ್ನೊಬ್ಬಳಿಲ್ಲ. ಬಾಗಿಲು ಬರೆದ ಕೂಡಲೇ ಅದರಲ್ಲಿ ಯಾರೋ ಒಳಗೆ ಬಂದ ಹಾಗೆ, ಕಿಟಕಿ ಬರೆದರೆ ಅಲ್ಲಿ ಯಾರೋ ಕೂದಲು ಒಣಗಿಸುತ್ತಾ ನಿಂತ ಹಾಗೆ ಕಾಣುತ್ತದೆ. ಎಷ್ಟೋ ಸಲ ಊಟದ ಹೊತ್ತು ಮೀರಿದ್ದೂ ಗೊತ್ತಾಗುವುದಿಲ್ಲ.

ನನ್ನ ತಂಗಿಯ ವಿಷಯ ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಅಮ್ಮ ತೀರಿಕೊಂಡಾಗ ಅವಳು ಇನ್ನೂ ಅಂಬೆಗಾಲಿನ ಕೂಸು, ನಾನು ಹೈಸ್ಕೂಲಿನ ಹುಡುಗಿ. ಅಪ್ಪ ಅದಕ್ಕೂ ಮುಂಚೆಯೇ ಇರಲಿಲ್ಲ. ಬಂಗಾರಪೇಟೆಯ ಆಚೆ ನಮ್ಮೂರಿನಲ್ಲಿ, ಚಿಕ್ಕಪ್ಪನ ಮನೆಯ ಒಂದು ಮೂಲೆಯಲ್ಲಿ, ಹಸು ಕರೆದು ಡೈರಿಗೆ ಹಾಲು ಹಾಕಿ ಅವಳನ್ನು ಸಾಕಿದೆ, ನಾನೂ ಓದಿದೆ. ಮದುವೆ ಆಗಲಿಲ್ಲ. ಆಗಬೇಕು ಅನ್ನಿಸಿದಾಗ ಪುರುಸೊತ್ತಿರಲಿಲ್ಲ, ಪುರುಸೊತ್ತು ಸಿಕ್ಕಾಗ ಮನಸ್ಸಿರಲಿಲ್ಲ, ಅಷ್ಟೆ. ತಂಗಿಯನ್ನು ಕೋರಮಂಡಲ್ ಲೈನಿನ ಒಂದು ಮನೆಗೆ ಕೊಟ್ಟೆವು. ಆಟೋ ಓಡಿಸುವ ಗಂಡ, ಒಬ್ಬರೇ ಅತ್ತೆ. ಧಾರೆ ಎರೆದುಕೊಟ್ಟವರು ಚಿಕ್ಕಪ್ಪ ಚಿಕ್ಕಮ್ಮ. ಮದುವೆಯಾಗದ ಹೆಣ್ಣು ಧಾರೆ ಎರೆಯುವ ಹಾಗಿಲ್ಲವಲ್ಲ. ಮುಹೂರ್ತದ ಹೊತ್ತಿನಲ್ಲಿ ನಾನು ಅಡುಗೆಯವರ ಹಿಂದೆ ಸಾರಿಗೆ ಉಪ್ಪು ಸಾಕೋ ಬೇಕೋ ಅಂತ ಓಡಾಡುತ್ತಿದ್ದೆ.

ಎಷ್ಟೋ ವರ್ಷ ಕಾದ ಮೇಲೆ ತಂಗಿ ಬಸುರಾದಳು. ಫೋನಿನಲ್ಲಿ ಆ ಸುದ್ದಿ ಕೇಳಿದಂದಿನಿಂದ ನನಗೆ ಒಂದೇ ಆಸೆ. ಅವಳ ಬಾಣಂತನ ನಾನು ಮಾಡಬೇಕು. ಮಣೆಯ ಮೇಲೆ ಕೂತು, ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನಾನೇ ನೀರು ಹಾಕಬೇಕು. ಅಮ್ಮ ಇದ್ದಿದ್ದರೆ ಅವಳು ಮಾಡುತ್ತಿದ್ದ ಕೆಲಸ ಅದು. ಆದರೆ ಬಂಗಾರಪೇಟೆಯಲ್ಲಿ ನಾನಿರುವುದು ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ, ಬಚ್ಚಲು ಕೆಳಗೆ, ಎಲ್ಲರಿಗೂ ಸೇರಿ ಒಂದೇ. ಮೆಟ್ಟಿಲು ಹತ್ತಲೇಬಾರದು ಅಂತ ಡಾಕ್ಟರು ತಂಗಿಗೆ ಹೇಳಿಬಿಟ್ಟರು. ಹಾಗಾಗಿ ಬಾಣಂತನ ಅತ್ತೆ ಮನೆಯಲ್ಲೇ ಅಂತ ತೀರ್ಮಾನವಾಯಿತು. ನಾನು ರಜೆ ಹಾಕಿ ಬರುತ್ತೇನೆ ಅಂದೆ. ತಂಗಿಯ ಅತ್ತೆ "ಬಾ" ಅಂದರು. ಬಂದು ಏನು ಮಾಡಬೇಕು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅದೇ ಸಮಯಕ್ಕೆ ಆಫೀಸಿಗೆ ಆ ಯೋಜನೆ ಬಂತು. ಲೈನ್ ಮನೆಗಳ ಹಿಂದಿನ ಬಯಲಿನಲ್ಲಿ ಅಪಾರ್ಟ್‌ಮೆಂಟು. ಕಾಗದದಲ್ಲಿ "ಕುಟುಂಬಸ್ನೇಹಿ ವಸತಿ ಸಮುಚ್ಚಯ" ಅಂತ ಬರೆದಿತ್ತು. "ಕುಟುಂಬಕ್ಕೆ ವೈರಿಯಾದ ಮನೆಯೂ ಇರುತ್ತಾ ಸಾರ್?" ಅಂತ ನಾನು ನಮ್ಮ ಇಂಜಿನಿಯರ ಮುಂದೆ ಗೊಣಗಿದೆ. ಅವರು ನಿವೃತ್ತಿಗೆ ಹತ್ತಿರವಿದ್ದ ಮೆತ್ತನೆಯ ಮನುಷ್ಯ. "ಯಾಕಿರಲ್ಲಮ್ಮ, ನಾನೇ ಬೇಕಾದಷ್ಟು ಕಟ್ಟಿಸಿದ್ದೀನಿ" ಅಂದು ಕನ್ನಡಕ ಒರೆಸಿಕೊಂಡರು.

ಮನೆಯ ಮಾದರಿ ಮೇಲಿನಿಂದಲೇ ಬಂದಿತ್ತು. ಒಂದು ಹಾಲ್, ಒಂದು ಕೋಣೆ, ಅಡುಗೆಮನೆ, ಬಚ್ಚಲು, ಪಾಯಿಖಾನೆ, ಬಟ್ಟೆ ಒಣಹಾಕಲು ಸಣ್ಣ ಬಾಲ್ಕನಿ. ಒಟ್ಟು ಅಳತೆ ಮೀರದ ಹಾಗೆ ಒಳಗಿನ ಗೋಡೆಗಳನ್ನು ಸ್ಥಳೀಯರ ಅನುಕೂಲಕ್ಕೆ ತಕ್ಕಂತೆ ಸರಿಸಬಹುದು, ಅದಕ್ಕೆ ಮೊದಲು ಜನರ ಅಭಿಪ್ರಾಯ ಕೇಳಬೇಕು ಎಂಬ ಒಂದು ಸಾಲೂ ಇತ್ತು. ಸರಿ, ನಕ್ಷೆ ಹಿಡಿದುಕೊಂಡು ಹೋದೆವು. ಒಬ್ಬರು ತಲೆಕೆಳಗಾಗಿ ಹಿಡಿದು ನೋಡಿ "ಚೆಂದಾಗೈತೆ" ಅಂದರು. ಇನ್ನೊಬ್ಬರು ಬಾಲ್ಕನಿಯನ್ನು ದೇವರ ಮನೆ ಅಂದುಕೊಂಡು ಕೈ ಮುಗಿದರು. ತಪ್ಪು ಅವರದಲ್ಲ, ಕಾಗದದ ಮೇಲೆ ಮನೆ ಕಾಣಬೇಕಾದರೆ ಕಣ್ಣಿಗೆ ಅದು ರೂಢಿಯಾಗಬೇಕು. ಆಗ ಸಾರ್ ಹೇಳಿದರು, "ಪಾಯಕ್ಕೆ ಮಾರ್ಕಿಂಗ್ ಹಾಕಲ್ವೇನಮ್ಮ, ಹಂಗೆ ನೆಲದ ಮೇಲೇ ಬರೆದುಬಿಡೋಣ. ನಿಜವಾದ ಅಳತೆಗೇ. ಒಳಗೆ ಬಂದು ಓಡಾಡಿ ನೋಡಲಿ."

ಗೂಟ ಹೊಡೆದು, ದಾರ ಕಟ್ಟಿ, ಸುಣ್ಣದ ಪುಡಿ ಸುರಿದು ಒಂದು ಮಹಡಿಯ ಮನೆಗಳನ್ನೆಲ್ಲ ಬಯಲಿನಲ್ಲಿ ಬರೆದೆವು. ಗೋಡೆಗೆ ಗೆರೆ, ಬಾಗಿಲಿಗೆ ಗೆರೆಯಲ್ಲೊಂದು ಸಂದು. ಹಿಂದೆ ಬೆಳ್ಳಗಿನ ಗುಡ್ಡ, ಮುಂದೆ ಬೆಳ್ಳಗಿನ ಮನೆಗಳು. ಬಿಸಿಲು ಇಳಿಯುವ ಹೊತ್ತಿಗೆ ಎರಡೂ ಒಂದೇ ಬಣ್ಣಕ್ಕೆ ತಿರುಗಿದವು, ಅರಿಶಿನ ಕಲಸಿದ ಹಾಲಿನ ಬಣ್ಣ.

ಜನ ಬಂದರು ನೋಡಿ! ಮೊದಲ ದಿನ ನಗುತ್ತಾ ಬಂದರು. ಎರಡನೆಯ ದಿನದಿಂದ ನಗು ನಿಂತಿತು. ಬಾಗಿಲಿನ ಸಂದಿನಲ್ಲೇ ಒಳಗೆ ಬರುವುದು, ಬರುವ ಮುನ್ನ ಚಪ್ಪಲಿ ಬಿಡುವುದು. ಒಂದು ಮಗು ಗೆರೆ ದಾಟಿ ಓಡಿದರೆ ಉಳಿದ ಮಕ್ಕಳು "ಏಯ್, ಗೋಡೆ ಒಳಗಿಂದ ಓದ!" ಅಂತ ಕೂಗುತ್ತಿದ್ದವು. ಸಂಜೆ ಕೆಲಸ ಮುಗಿಸಿ ಬೆಂಗಳೂರಿನ ರೈಲಿನಿಂದ ಇಳಿದವರು ಲೈನ್ ಮನೆಗೆ ಹೋಗಿ ಕೈಕಾಲು ತೊಳೆದು, ಕಾಫಿ ಲೋಟ ಹಿಡಿದುಕೊಂಡು ಇಲ್ಲಿಗೆ ಬಂದು ಕೂರುತ್ತಿದ್ದರು. ಹಾಲ್‌ನಲ್ಲಿ ಕೂತವರು ಅಡುಗೆಮನೆಯಲ್ಲಿ ನಿಂತವಳನ್ನು ದೂರದಲ್ಲಿದ್ದಾಳೆ ಎಂಬಂತೆ ಕೂಗಿ ಕರೆಯುತ್ತಿದ್ದರು. ಬೆಳಿಗ್ಗೆ ನಾನು ಬರುವಷ್ಟರಲ್ಲಿ ಬಾಗಿಲು ಬಾಗಿಲಿಗೂ ರಂಗೋಲಿ ಬಿದ್ದಿರುತ್ತಿತ್ತು.

ಒಬ್ಬ ಹೆಂಗಸು ಬಂದು ಕೇಳಿದಳು, "ಮೇಡಮ್ಮೋರೇ, ನಮಗೇನಾರ ಮೂರ್ನೇ ಮಾಡಿ ಬಂದ್ರೆ ನಮ್ಮನೆ ಎಲ್ಲಿರ್ತದೆ?" ಮೂರನೇ ಮಹಡಿಯ ಅಂದಾಜಿಗೆ ನಾನು ಮೇಲೆ ಕೈ ತೋರಿಸಿದೆ. ಇಬ್ಬರೂ ಕತ್ತೆತ್ತಿ ನೋಡಿದೆವು. ಬರೀ ಆಕಾಶ. ಒಂದು ಹದ್ದು ನಿಧಾನವಾಗಿ ಸುತ್ತುತ್ತಿತ್ತು. "ಅಕೋ, ಆ ಅದ್ದು ತಿರುಗ್ತೈತಲ್ಲ, ಅಲ್ಲೇ ಏನು ನನ್ನ ಒಲೆ?" ಅಂದಳು. ಹೆಚ್ಚುಕಮ್ಮಿ ಅಲ್ಲೇ ಅಂದೆ. ಅವಳು ತುಂಬ ಹೊತ್ತು ಕುತ್ತಿಗೆ ಇಳಿಸಲಿಲ್ಲ. ಆ ಸಂಜೆ ರೈಲಿನ ಕಿಟಕಿಯಿಂದ ನೋಡಿದರೆ ನನಗೂ ಗದ್ದೆ, ತೋಪು, ರೇಷ್ಮೆ ಸೊಪ್ಪಿನ ಹೊಲದ ಮೇಲೆಲ್ಲ ಒಲೆಗಳು ಉರಿಯುತ್ತಿದ್ದ ಹಾಗೆ ಅನ್ನಿಸಿತು. ಕಣ್ಣು ಮುಚ್ಚಿದರೆ ಅವುಗಳಲ್ಲಿ ಒಂದರ ಪಕ್ಕ ಹಂಡೆಯಲ್ಲಿ ನೀರು ಕಾಯುತ್ತಿತ್ತು, ತಂಗಿಯ ಕೂಸು ನನ್ನ ಕಾಲ ಮೇಲಿತ್ತು. ಬಂಗಾರಪೇಟೆ ಬಂದದ್ದು ತಿಳಿಯದೆ, ಯಾರೋ ಎಬ್ಬಿಸಿದ ಮೇಲೆ ಇಳಿದೆ.

ಹೀಗಿರುವಾಗ ಒಂದು ಬೆಳಿಗ್ಗೆ ಬಯಲಿಗೆ ಬಂದರೆ ಕೊನೆಯ ಮನೆಯ ಅಡುಗೆಕೋಣೆಯಿಂದ ಹೊಗೆ ಏಳುತ್ತಿದೆ! ನಿಜವಾದ ಹೊಗೆ. ಓಡಿಹೋಗಿ ನೋಡಿದೆ. ತಂಗಿಯ ಅತ್ತೆ ಮೂರು ಕಲ್ಲು ಹೂಡಿ, ಸೌದೆ ಹಚ್ಚಿ, ಪಾತ್ರೆಯಲ್ಲಿ ಹಾಲಿಟ್ಟಿದ್ದಾರೆ. ಕೋಣೆಯ ಗೆರೆಗಳೊಳಗೆ ತಂಗಿ ಹೊಟ್ಟೆ ಹೊತ್ತು ಚಾಪೆಯ ಮೇಲೆ ಕೂತಿದ್ದಾಳೆ, ತಲೆತುಂಬ ಕನಕಾಂಬರ.

"ಅತ್ತೇ, ಏನಿದು?"

"ಕಾಣಾಕಿಲ್ವಾ? ಆಲುಕ್ಕಿಸ್ತಾ ಇದೀನಿ."

"ಇನ್ನೂ ಮನೇನೇ ಇಲ್ವಲ್ಲ ಅತ್ತೆ!"

"ನೀನೇ ತಾನೇ ಬರ್ದಿರಾದು? ಅದೆಂಗಿಲ್ಲ? ಕಟ್ಟೋದು ಅವ್ರು ಯಾವಾಗಾರ ಕಟ್ಕಳ್ಲಿ. ನನ್ನ ಮೊಮ್ಮಗು ಉಟ್ಟೋಕ್ ಮುಂಚೆ ನಾವು ಒಳಗೋಗಿರ್ಬೇಕು. ಈ ಲೈನ್ ಮನೆಗೆ ಕೂಸು ತರಾಕೆ ನಂಗಿಷ್ಟ ಇಲ್ಲ."

ಹಾಲು ಉಕ್ಕಿ ಪೂರ್ವದ ಕಡೆಗೇ ಚೆಲ್ಲಿತು. ಅವರು ಕೈ ಮುಗಿದರು. ನನಗೆ ಕೋಪ ಬರಬೇಕಿತ್ತು, ಬರಲಿಲ್ಲ. ಆ ಹೊಗೆ, ಆ ಹಾಲಿನ ವಾಸನೆ, ಗೆರೆಯ ಮಧ್ಯೆ ಕೂತ ನನ್ನ ತಂಗಿ, ಎಲ್ಲ ಸೇರಿ ಅದು ಮನೆಯೇ ಆಗಿಹೋಗಿತ್ತು. ಆದರೆ ಅಷ್ಟರಲ್ಲಿ ಅಕ್ಕಪಕ್ಕದ ಹೆಂಗಸರು ಸೇರಿ ಜಗಳ ಶುರುವಾಯಿತು. ಮನೆ ಹಂಚುವುದು ಲಾಟರಿ ಎತ್ತಿ ಅಂತ ಎಲ್ಲರಿಗೂ ಗೊತ್ತಿತ್ತು. "ಚೀಟಿ ಎತ್ತೋಕ್ ಮುಂಚೆ ನೀನೆಂಗಮ್ಮ ಆಲುಕ್ಕಿಸ್ದೆ? ನಾಳೆ ಈ ಮನೆ ನಮ್ಗೆ ಬಂದ್ರೆ? ಇನ್ನೊಬ್ರು ಆಲುಕ್ಕಿಸಿರೋ ಮನೆಗೆ ನಾವೆಂಗೆ ಓಗಾದು?" "ಆಮಾ, ಕೇಳಮ್ಮ ಕೇಳು!" ಕನ್ನಡ ತಮಿಳು ತೆಲುಗು ಮೂರರಲ್ಲೂ ಬೈಗುಳ ಹಾರಾಡಿದವು. ಅತ್ತೆ ಮೂರರಲ್ಲೂ ತಿರುಗಿ ಕೊಟ್ಟರು.

ಸಾರ್ ಬಂದು ಎಲ್ಲವನ್ನೂ ಕೇಳಿಸಿಕೊಂಡರು. ನಗಲಿಲ್ಲ, ಬೈಯಲಿಲ್ಲ. ಆ ಮನೆಯ ಗೆರೆಗಳನ್ನು ಕಾಲಿನಿಂದ ಒರೆಸಿ, ಒಂದು ಮಾರು ಆಚೆಗೆ ಅದೇ ಅಳತೆಯ ಇನ್ನೊಂದು ಮನೆ ಬರೆಸಿದರು. "ನೋಡ್ರಮ್ಮ, ಇದು ಹೊಸ ಮನೆ. ಇದರಲ್ಲಿ ಯಾರೂ ಹಾಲುಕ್ಕಿಸಿಲ್ಲ." ಹೆಂಗಸರು ಒಂದು ಗಳಿಗೆ ಯೋಚಿಸಿ, ಅದು ಸರಿ ಅಂತ ಒಪ್ಪಿದರು. ಜಗಳ ಅಲ್ಲಿಗೆ ಮುಗಿಯಿತು. ಅತ್ತೆ ಮಾತ್ರ ಒರೆಸಿದ ಗೆರೆಗಳ ಮಧ್ಯೆ ಮೂರು ಕಲ್ಲಿನ ಪಕ್ಕ ಕೂತೇ ಇದ್ದರು.

ಹೆಂಗಸರೆಲ್ಲ ಸೇರಿದ್ದಾರೆ, ಇದೇ ಸಮಯ ಅಂದುಕೊಂಡೆ ನಾನು. ಬಹಳ ದಿನದಿಂದ ಆ ಬಚ್ಚಲು ನನ್ನ ಮನಸ್ಸಿನಲ್ಲಿ ಚುಚ್ಚುತ್ತಿತ್ತು. ನಿಂತು ಸ್ನಾನ ಮಾಡುವವರಿಗೆ ಸಾಕು, ಕೂತು ಮಾಡುವವರಿಗೂ ಸಾಕು. ಆದರೆ ಕೂಸಿಗೆ ನೀರು ಹಾಕುವವಳು ಗೋಡೆಗೆ ಬೆನ್ನು ಕೊಟ್ಟು ಎರಡು ಕಾಲನ್ನೂ ಉದ್ದಕ್ಕೆ ಚಾಚಬೇಕಲ್ಲ? ನಾನು ಹೊಸ ಮನೆಯ ಬಚ್ಚಲಿಗೆ ಹೋಗಿ, ಸೀರೆ ಮೇಲೆತ್ತಿಕೊಂಡು, ಒಂದು ಗೆರೆಗೆ ಬೆನ್ನು ಹಚ್ಚಿ ಕೂತು ಕಾಲು ಚಾಚಿದೆ. ನಾನು ಉದ್ದನೆಯ ಹೆಣ್ಣು. ಹಿಮ್ಮಡಿಗಳು ಗೆರೆ ದಾಟಿ ಕೋಣೆಯೊಳಗೆ ಹೋದವು.

"ಅಬ್ಬೋ, ಮೇಡಮ್ಮೋರ್ ಕಾಲು ಗೋಡೆ ತೂತಾಕ್ಕಂಡು ಓಗೈತೆ!" ಅಂತ ಯಾರೋ ಅಂದರು. ಎಲ್ಲ ಗೊಳ್ಳೆಂದು ನಕ್ಕರು, ನಾನೂ ನಕ್ಕೆ. "ನೋಡ್ರಿ, ಇಲ್ಲಿ ಕೂಸಿಗೆ ನೀರು ಹಾಕೋಕಾಗಲ್ಲ. ಗೋಡೆ ಸರಿಸಬೇಕು" ಅಂದೆ.

ಆಗ ಅತ್ತೆ ಎದ್ದು ಬಂದರು. ಬಾಗಿಲಿನ ಸಂದಿನಲ್ಲೇ ಬಂದು, ನನ್ನ ಕಾಲುಗಳನ್ನು ನೋಡುತ್ತಾ ನಿಂತರು.

"ನೀನ್ಯಾಕೆ ಕುಂತ್ಕಂಡೆ ಅಲ್ಲಿ? ಎತ್ತವಳು ಕುಂತ್ಕಬೇಕು. ಎರದೇ ಇರೋ ಕಾಲ್ ಮ್ಯಾಲೆ ಕೂಸು ಆಕಬಾರ್ದು, ಏಳು."

ನಗು ನಿಂತಿತು. "ಅಳತೆ ತಗೊಳ್ಳೋಕೂ ಹೆತ್ತ ಕಾಲೇ ಬೇಕೇನತ್ತೆ? ಟೇಪಿಗೆ ಗೊತ್ತಾಗುತ್ತಾ ಅದು?" ಅಂದುಬಿಟ್ಟೆ. ಮಾತು ಜೋರಾಗಿಯೇ ಬಂತು, ಆದರೆ ಕಣ್ಣಲ್ಲಿ ನೀರೂ ಬಂತು. ಅದನ್ನು ನೋಡಿದರೋ ಇಲ್ಲವೋ, ಅತ್ತೆ ಮುಖ ತಿರುಗಿಸಿಕೊಂಡು ಪಾತ್ರೆ ಎತ್ತಿಕೊಂಡು ಹೊರಟುಹೋದರು. ತಂಗಿ ಚಾಪೆ ಸುತ್ತಿ ಅವರ ಹಿಂದೆ ಹೋದಳು. ತುಟಿ ಪಿಟಕ್ಕೆನ್ನಲಿಲ್ಲ. ಅತ್ತೆಯ ಮಾತಿಗಿಂತ ನನಗೆ ಅದೇ ಹೆಚ್ಚು ಉರಿಯಿತು. ಇವಳನ್ನು ನಾನು ಕಂಕುಳಲ್ಲಿ ಹೊತ್ತು ತಿರುಗಿದ್ದು ಇದಕ್ಕೇನಾ ಅನ್ನಿಸಿತು. ಅವತ್ತು ರೈಲಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕರೂ ಹೊರಗೆ ನೋಡಲಿಲ್ಲ.

ಮಾರನೆಯ ದಿನ ಸಾರ್ ಮುಂದೆ ನಕ್ಷೆ ಹರಡಿ, ಬಚ್ಚಲು ಉದ್ದ ಮಾಡಲೇಬೇಕು ಅಂದೆ. ಅವರು ಬೆರಳಿಟ್ಟು ತೋರಿಸಿದರು. ಒಂದು ಕಡೆ ಪೈಪುಗಳಿಳಿಯುವ ಜಾಗ, ಅದನ್ನು ಮುಟ್ಟುವ ಹಾಗಿಲ್ಲ. ಇನ್ನೊಂದು ಕಡೆ ಕೋಣೆ. ಬಚ್ಚಲು ಬೆಳೆದಷ್ಟೂ ಕೋಣೆ ಕುಗ್ಗುತ್ತದೆ, ಬೀರು ಇಡಲು ಬಿಟ್ಟಿರುವ ಗೂಡು ಹೋಗುತ್ತದೆ. "ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಮ್ಮ" ಅಂದರು. "ಹಾಸಿಗೆ ಅಲ್ಲ ಸಾರ್, ಬಚ್ಚಲು" ಅಂತ ನಾನು ಸಿಡುಕಿದೆ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಇಟ್ಟಿಗೆ ಇಬ್ಬರ ಮಾತನ್ನೂ ಕೇಳುವುದಿಲ್ಲ. ಕಡೆಗೆ ಅವರೇ, "ನೀನೂ ಬೇಡ ನಾನೂ ಬೇಡ. ಇರೋರು ಅವರು. ಏನು ಬಿಡ್ತಾರೆ ಅಂತ ಅವರನ್ನೇ ಕೇಳೋಣ" ಅಂದರು.

ಆ ಭಾನುವಾರ ಮತ್ತೆ ಎಲ್ಲರನ್ನೂ ಬಯಲಿಗೆ ಕರೆದೆವು. ನನಗೆ ಹೋಗಲು ಮನಸ್ಸೇ ಇರಲಿಲ್ಲ. ಹೋಗಿ, ಸುಣ್ಣದ ಬಕೆಟ್ಟು ಹಿಡಿದುಕೊಂಡು ದೂರ ನಿಂತೆ. ಸಾರ್ ಗೋಡೆ ಸರಿಸಿದರೆ ಏನು ಹೋಗುತ್ತದೆ ಅಂತ ವಿವರಿಸಿದರು. ಗಂಡಸರು ಬೀರು ಬೇಕೇ ಬೇಕು ಅಂದರು. ಮದುವೆಯಲ್ಲಿ ಕೊಟ್ಟ ಬೀರು, ಅದನ್ನೆಲ್ಲಿಡುವುದು? ಕೂಸಿಗೆ ನೀರು ಹಾಕುವುದು ಎಷ್ಟು ದಿನದ ಮಾತು, ಬೀರು ಜೀವನಪೂರ್ತಿ ಅಂದರು. ಹೆಂಗಸರಲ್ಲೂ ಕೆಲವರು ತಲೆಯಾಡಿಸಿದರು. ಮಾತು ಬೀರಿನ ಕಡೆಗೇ ವಾಲುತ್ತಿತ್ತು.

ಆಗ ತಂಗಿ ನೆಲಕ್ಕೆ ಕೈಯೂರಿ ಎದ್ದಳು. ತುಂಬಿದ ಹೊಟ್ಟೆ, ಎದ್ದು ನಿಲ್ಲಲು ಹೊತ್ತು ಹಿಡಿಯಿತು. ಎಲ್ಲರೂ ಅವಳನ್ನೇ ನೋಡಿದರು.

"ಬೀರು ಅಟ್ಟದ ಕೆಳಗೋ ಆಲ್‌ನಾಗೋ ಎಲ್ಲಾರ ಇಡಬೋದು. ಕೂಸಿಗೆ ಆಲ್‌ನಾಗೆ ನೀರಾಕಕ್ಕಾಗ್ತದಾ? ಒಂದೊಂದು ಮನೇಲಿ ಒಂದಾದ ಮ್ಯಾಲೊಂದು ಕೂಸು ಬತ್ತಾನೇ ಇರ್ತವೆ. ಗೋಡೆ ಸರಿಸಿ." ಆಮೇಲೆ ನನ್ನ ಕಡೆ ತಿರುಗಿದಳು. "ನಮ್ಮಕ್ಕನ ಕಾಲಿನಳತೆಗೇ ಬರೀರಿ. ನನ್ನನ್ನ ಮಲಗಿಸ್ಕಂಡು ನೀರಾಕಿದ್ದು ಆ ಕಾಲ್ ಮ್ಯಾಲೇ."

ಅತ್ತೆಯ ಮುಂದೆ, ಎಲ್ಲರ ಮುಂದೆ ಹೇಳಿದಳು. ನನ್ನ ಕೈಯಲ್ಲಿದ್ದ ಬಕೆಟ್ಟು ನೆಲಕ್ಕಿಟ್ಟೆ. ಅತ್ತೆ ನೆಲ ನೋಡುತ್ತಿದ್ದರು. ಒಬ್ಬ ಮುದುಕಿ "ಉಡುಗಿ ಏಳಾದು ಸರಿಯಾಗೈತೆ, ಉದ್ದ ಇರೋರ ಕಾಲಿಗೆ ಸರಿಯೋದ್ರೆ ಗಿಡ್ಡ ಇರೋರ್ಗೂ ಸರಿಯೋಯ್ತದೆ" ಅಂದಳು. ಗಂಡಸರು ಗೊಣಗಿಕೊಂಡೇ ಕೈಯೆತ್ತಿದರು. ನಾನು ಮತ್ತೆ ಆ ಬಚ್ಚಲಿನಲ್ಲಿ ಕೂತು ಕಾಲು ಚಾಚಿದೆ. ಸಾರ್ ನನ್ನ ಹಿಮ್ಮಡಿಯ ಆಚೆಗೆ ಒಂದು ಗೇಣು ಬಿಟ್ಟು ತಾವೇ ಬಗ್ಗಿ ಸುಣ್ಣದ ಗೆರೆ ಎಳೆದರು. ಈ ಸಲ ಯಾರೂ ಏಳು ಅನ್ನಲಿಲ್ಲ.

ತಿದ್ದಿದ ನಕ್ಷೆ ಮೇಲೆ ಹೋಯಿತು. ನೆಲದ ಕೆಳಗೆ ಗಣಿಯ ಹಳೇ ಸುರಂಗಗಳಿವೆಯಲ್ಲ, ಎಲ್ಲಿ ಗಟ್ಟಿ ಎಲ್ಲಿ ಪೊಳ್ಳು ಅಂತ ನೋಡಲು ಯಂತ್ರದವರು ಬಂದು ಅಲ್ಲಲ್ಲಿ ಕೊರೆದು ಮಣ್ಣು ತೆಗೆದುಕೊಂಡು ಹೋದರು. ಆಮೇಲೆ ಒಂದು ಮಧ್ಯಾಹ್ನ ಮಳೆ ಬಂತು. ಮನೆಗಳೆಲ್ಲ ಬೆಳ್ಳಗೆ ಹರಿದು ಚರಂಡಿ ಸೇರುವುದನ್ನು ಜನ ಲೈನ್ ಮನೆಗಳ ಜಗುಲಿಯಿಂದ ನೋಡುತ್ತಾ ನಿಂತಿದ್ದರಂತೆ. ತಂಗಿ ಫೋನು ಮಾಡಿ ಹೇಳಿದಳು. "ಬಚ್ಚಲು ಎಲ್ಲಾದ್ಕಿಂತ ಕಡೇಗೋಯ್ತು ಕಣಕ್ಕ" ಅಂದಳು.

ಆ ವಾರವೇ ಅವಳಿಗೆ ಹೆರಿಗೆಯಾಯಿತು. ಹೆಣ್ಣು ಕೂಸು. ನಾನು ರಜೆ ಹಾಕಿ, ಹರಳೆಣ್ಣೆ, ಬಜೆ, ಸಾಂಬ್ರಾಣಿ, ಹಳೇ ಮೆತ್ತನೆಯ ಸೀರೆಗಳ ಗಂಟು ಹೊತ್ತು ರೈಲು ಹತ್ತಿದೆ.

ಲೈನ್ ಮನೆಯಲ್ಲಿ ಬಚ್ಚಲೆಂದರೆ ಹಿತ್ತಲಿನಲ್ಲಿ ಒಂದು ಚಪ್ಪಡಿ ಕಲ್ಲು, ಸುತ್ತ ಬಿದಿರಿನ ತಟ್ಟಿ. ಆಚೆಯ ಮನೆಯವರ ಕೆಮ್ಮು ಕೂಡ ಕೇಳಿಸುತ್ತದೆ. ಬೆಳಗ್ಗೆ ಎದ್ದು ಹಂಡೆಗೆ ನೀರು ತುಂಬಿ ಉರಿ ಹಾಕುವುದು, ಬಾಣಂತಿಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕುವುದು, ಮೆಣಸಿನ ಸಾರು, ಬೆಳ್ಳುಳ್ಳಿ ಖಾರ, ಸಾಂಬ್ರಾಣಿ ಹೊಗೆ ಎಲ್ಲ ನನ್ನ ಪಾಲಿಗೆ ಬಂತು. ಕೂಸಿಗೆ ನೀರು ಹಾಕುವುದು ಮಾತ್ರ ಅತ್ತೆಯದು. ಅವರು ಮಣೆಯ ಮೇಲೆ ಕೂತು ಕಾಲು ಚಾಚುತ್ತಿದ್ದರು, ನಾನು ಕೂಸನ್ನು ಅವರ ಕಾಲ ಮೇಲಿಟ್ಟು ಚೊಂಬಿನಲ್ಲಿ ನೀರು ಬಗ್ಗಿಸುತ್ತಿದ್ದೆ. ಹೊಗೆ, ಹಬೆ, ತಟ್ಟಿಯ ಸಂದಿನಿಂದ ಬರುವ ಎಳೆಬಿಸಿಲು, ಅದರೊಳಗೆ ಎಣ್ಣೆ ಮೆತ್ತಿದ ಆ ಪುಟ್ಟ ಬೆನ್ನು. ನನ್ನ ಕೈ ತುರಿಸುತ್ತಿತ್ತು. ಕೇಳಬಾರದು ಅಂತ ಹಲ್ಲು ಕಚ್ಚಿ ನಿಂತಿರುತ್ತಿದ್ದೆ. ಕೇಳಿ, ಬೇಡ ಅನ್ನಿಸಿಕೊಂಡರೆ ಮತ್ತೆ ಆ ಹಿತ್ತಲಿಗೆ ಕಾಲಿಡಲು ನನ್ನಿಂದ ಆಗುತ್ತಿರಲಿಲ್ಲ.

ಒಂದು ವಿಷಯ ಮಾತ್ರ ಅರ್ಥವಾಗುತ್ತಿರಲಿಲ್ಲ. ಅಷ್ಟು ಗಟ್ಟಿ ಹೆಂಗಸು, ಮೂರು ಭಾಷೆಯಲ್ಲಿ ಜಗಳವಾಡುವ ಹೆಂಗಸು, ಕೂಸು ಕಾಲ ಮೇಲೆ ಬಂದ ಕೂಡಲೇ ಬಾಯಿ ಕಟ್ಟಿದ ಹಾಗೆ ಆಗಿಬಿಡುತ್ತಿದ್ದರು. ಹಾಡಿಲ್ಲ, ಮುದ್ದಿಲ್ಲ. ಬೇಗ ಬೇಗ ನೀರು ಹುಯ್ಯಿಸಿ, "ತಗಾ ತಗಾ" ಅಂತ ನನ್ನ ಕೈಗೆ ಕೊಟ್ಟು ಉಸಿರು ಬಿಡುತ್ತಿದ್ದರು.

ಒಂದು ಬೆಳಿಗ್ಗೆ ಕೂಸಿಗೆ ಸ್ವಲ್ಪ ನೆಗಡಿಯಾಗಿತ್ತು. ಏನೂ ದೊಡ್ಡದಲ್ಲ, ಮೂಗು ಗೊರಗೊರ ಅನ್ನುತ್ತಿತ್ತು. ನರ್ಸಮ್ಮ ನೋಡಿ ಪರವಾಗಿಲ್ಲ ಅಂದಿದ್ದರು. ನಾನು ಕೂಸನ್ನು ತಂದಾಗ ಅತ್ತೆ ಮಣೆಯ ಮೇಲೆ ಕಾಲು ಚಾಚಿ ಕೂತಿದ್ದರು. ಇಡಲು ಬಗ್ಗಿದೆ. ಅವರು ಕಾಲು ಮಡಚಿಕೊಂಡುಬಿಟ್ಟರು.

"ಬ್ಯಾಡ. ಆಕಬ್ಯಾಡ."

"ಯಾಕತ್ತೆ? ನೀರು ಹದವಾಗಿದೆ."

ಅವರು ತಮ್ಮ ಕಾಲುಗಳನ್ನೇ ನೋಡುತ್ತಿದ್ದರು. "ಎತ್ತ ಕಾಲು ಎತ್ತ ಕಾಲು ಅಂತ ಅವತ್ತು ನಿಂಗೆ ಅಂದೆ. ಐದು ಎತ್ತೆ ಕಣಮ್ಮ ನಾನು. ಇದೇ ಮನೇಲಿ, ಇದೇ ಕಲ್ಲಿನ ಮ್ಯಾಲೆ, ಈ ಕಾಲ್ ಮ್ಯಾಲೆ ಮಲಗಿಸ್ಕಂಡು ನೀರಾಕ್ದೆ. ನೆಗಡಿ ಆಯ್ತದೆ, ಜ್ವರ ಬತ್ತದೆ, ಓಯ್ತವೆ. ನಿನ್ನ ತಂಗಿ ಗಂಡ ಒಬ್ನೇ ಉಳ್ದಿದ್ದು. ಅವನ್ಗೆ ನಾನು ನೀರಾಕ್ಲೇ ಇಲ್ಲ. ನಮ್ಮತ್ತೆ ಕೈಗೆ ಕೊಟ್ಬುಟ್ಟಿದ್ದೆ." ಸೀರೆ ಎಳೆದು ಕಾಲು ಮುಚ್ಚಿಕೊಂಡು, "ದಿನಾ ನಡುಗ್ತೀನಿ ಕಣೇ" ಅಂದರು.

ನೆಗಡಿಗೂ ಕಾಲಿಗೂ ಸಂಬಂಧವಿಲ್ಲ ಅನ್ನಬಹುದಿತ್ತು. ಅವರ ಮುಖ ನೋಡಿದರೆ ಬಾಯಿಂದ ಆ ಮಾತು ಹೊರಡಲಿಲ್ಲ. ಅಳು ಬಂತು, ಅವರ ಮೇಲೆ ಇಟ್ಟುಕೊಂಡಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಅವರು ತಟ್ಟಿಯ ಗೂಟ ಹಿಡಿದು ಎದ್ದರು. ಮಣೆಯನ್ನು ಸೆರಗಿನಿಂದ ಒರೆಸಿದರು.

"ನೀನು ಒಂದು ಸಾಕ್ದೆ. ಅದು ಉಳ್ದು, ಬೆಳ್ದು, ನನ್ನ ಮನೇಗೆ ಬಂತು. ಕುಂತ್ಕ."

ಕೂತೆ. ಬೆನ್ನು ತಟ್ಟಿಗೆ ತಾಗಿತು. ಕಾಲು ಚಾಚಿದೆ. ಕಲ್ಲು ಸಾಲದೆ ಹಿಮ್ಮಡಿಗಳು ಮಣ್ಣಿಗೆ ಬಂದವು. ಅತ್ತೆ ಕೂಸನ್ನು ನನ್ನ ಕೈಯಿಂದ ತಾವು ತೆಗೆದುಕೊಂಡು, ಒಂದು ಸಲ ಎದೆಗೊತ್ತಿಕೊಂಡು, ಬೋರಲಾಗಿ ನನ್ನ ಕಾಲ ಮೇಲೆ ಮಲಗಿಸಿದರು. ಇಷ್ಟೇ ಇಷ್ಟು ಭಾರ. ಬಿಸಿ ಬಿಸಿ. ನಾನು ಎಣ್ಣೆ ಸವರಿದೆ, ಅವರು ಚೊಂಬಿನಲ್ಲಿ ನೀರು ಬಗ್ಗಿಸಿದರು. ಕೂಸು ಒಂದು ಸ್ವರ ಅತ್ತು, ಬಿಸಿನೀರು ಬೆನ್ನಿಗೆ ಬಿದ್ದ ಕೂಡಲೇ ಸುಮ್ಮನಾಯಿತು. ಅತ್ತೆ ಮೆಲ್ಲಗೆ ಏನೋ ಗುನುಗತೊಡಗಿದರು, ತೆಲುಗೋ ಕನ್ನಡವೋ ತಿಳಿಯದ ಹಾಡು.

ತಟ್ಟಿಯ ಆಚೆಯಿಂದ ಪಕ್ಕದ ಮನೆಯಾಕೆಯ ಧ್ವನಿ ಬಂತು. "ಏನಮ್ಮೋ, ಇವತ್ತು ಆಡು ಬೇರೆ ಕೇಳ್ತೈತೆ. ಯಾರು ಕೂಸಿಗೆ ನೀರಾಕ್ತಿರಾದು?"

"ಇನ್ಯಾರು? ನಮ್ ಬೀಗಿತ್ತಿ" ಅಂದರು ಅತ್ತೆ. ಆಮೇಲೆ ನನ್ನ ಕೈಗೆ ಒಂದು ಏಟು ಕೊಟ್ಟು, "ಅಳಾದು ಆಮ್ಯಾಕೆ ಅಳೀವಂತೆ, ತಲೆ ಎತ್ತಿ ಇಡ್ಕ, ಕಿವಿಗೆ ನೀರೋಯ್ತದೆ" ಅಂತ ಗದರಿದರು.